ಮೆಟ್ಟಿಲಿನ ಮೇಲೊಂದು ಮೊಕದ್ದಮೆ

೧

ಅಂಗವಿಕಲ ಕಲಾವಿದರ ಕೆಲಸದ ಬಗ್ಗೆ ಮಾತಾಡುವಾಗ ನಮ್ಮ ವಿಮರ್ಶೆಯ ಬಾಯಲ್ಲಿ ಎರಡೇ ಮಾತು ಹೊರಡುತ್ತವೆ. ಒಂದು 'ಪಾಪ', ಇನ್ನೊಂದು 'ಭಲೆ'. ಪಾಪ ಅನ್ನುವವರು ಕೃತಿಯನ್ನು ನೋಡುವುದಿಲ್ಲ, ಕಾಲನ್ನು ನೋಡುತ್ತಾರೆ. ಭಲೆ ಅನ್ನುವವರೂ ನೋಡುವುದು ಕಾಲನ್ನೇ. 'ಇಂಥಾ ಕಾಲಿಟ್ಟುಕೊಂಡು ಇಷ್ಟು ಮಾಡಿದನಲ್ಲ' ಎಂದು ಚಪ್ಪಾಳೆ ತಟ್ಟುತ್ತಾರೆ. ದಲಿತ ಸಾಹಿತ್ಯಕ್ಕೆ ಈ ಎರಡೂ ಮಾತು ಹಳೆಯ ಪರಿಚಯದವು. 'ಎಂಥಾ ನೋವು' ಎಂದು ಕಣ್ಣೊರೆಸಿಕೊಂಡವರು, 'ಕೇರಿಯಿಂದ ಬಂದರೂ ಎಷ್ಟು ಚೆನ್ನಾಗಿ ಬರೀತಾನೆ' ಎಂದು ಬೆನ್ನು ತಟ್ಟಿದವರು, ಇಬ್ಬರೂ ಪದ್ಯ ಓದಿದವರಲ್ಲ. ಆ ಎರಡು ಮಾತುಗಳ ವಿರುದ್ಧ ಜಗಳ ಆಡಿಯೇ ದಲಿತ ವಿಮರ್ಶೆ ಹುಟ್ಟಿತು. ಹಾಗಿದ್ದ ಮೇಲೆ ಬೀದಿ, ಮೆಟ್ಟಿಲು, ಬೆಂಚು, ಬಾಗಿಲು ಇವನ್ನೇ ವಸ್ತುವಾಗಿಸಿಕೊಂಡ ಅಂಗವಿಕಲ ಕಲಾವಿದರ ಕೃತಿಗಳನ್ನು ಓದಲು ಬೇಕಾದ ಕಣ್ಣು ಬೇರೆ ಎಲ್ಲೂ ಇಲ್ಲದಿದ್ದರೂ ನಮ್ಮ ಹತ್ತಿರ ಇರಬೇಕಲ್ಲ? ಇದೆಯೇ ಎಂದು ಪರೀಕ್ಷಿಸುವುದು ಈ ಬರಹದ ಉದ್ದೇಶ.

ನಾನು ಎಡಗಾಲಿಗೆ ಕ್ಯಾಲಿಪರ್ ಕಟ್ಟಿ ನಡೆಯುವವನು. ಹುಟ್ಟಿದ್ದು ಊರ ಹೊರಗಿನ ಕೇರಿಯಲ್ಲಿ. ಈ ಎರಡು ವಿವರ ಕೊಟ್ಟದ್ದು ಯಾರ ಕರುಳನ್ನೂ ಹಿಂಡುವುದಕ್ಕಲ್ಲ. ನಾನು ಎಲ್ಲಿ ನಿಂತು ನೋಡುತ್ತಿದ್ದೇನೆ ಎಂಬುದು ಓದುವವರಿಗೆ ಗೊತ್ತಿರಲಿ ಅಂತ. ಇಲ್ಲಿ ಮಾತಾಡುವ ಕೃತಿಗಳೆಲ್ಲ ನ್ಯೂಯಾರ್ಕ್, ಲಂಡನ್, ಕ್ಯಾಲಿಫೋರ್ನಿಯಾ ಕಡೆಯವು. ನಾನು ಅವನ್ನು ಕಂಡದ್ದು ಫೋಟೋಗಳಲ್ಲಿ, ವಿಡಿಯೋಗಳಲ್ಲಿ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಕೃತಿಗಳಲ್ಲಿ ಗಟ್ಟಿಯಾದವು ದೇಹವನ್ನು ಪ್ರದರ್ಶನಕ್ಕಿಡುವುದಿಲ್ಲ, ಮೆಟ್ಟಿಲನ್ನೇ ಎಳೆದು ತಂದು ಕಟಕಟೆಯಲ್ಲಿ ನಿಲ್ಲಿಸುತ್ತವೆ. ಆದರೆ ಆ ಮೆಟ್ಟಿಲು ಬರೀ ಕಲ್ಲಿನದಲ್ಲ ಎಂಬುದನ್ನು ತೋರಿಸಿಕೊಡುವ ಕೆಲಸ ದಲಿತ ವಿಮರ್ಶೆಗೆ ಉಳಿದಿದೆ.

೨

'ಅಮೆರಿಕದ ಗ್ಯಾಲರಿಗೂ ನಮ್ಮ ಹೋರಾಟಕ್ಕೂ ಎಲ್ಲಿಯ ಸಂಬಂಧ ಸ್ವಾಮಿ?' ಎಂದು ಕೇಳುವ ಗೆಳೆಯರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರವಾಗಿ ಒಂದು ಚರಿತ್ರೆ ಹೇಳುತ್ತೇನೆ.

ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರನ್ನು ಹೊರಗಿಡಕೂಡದು ಎಂದು ೧೯೭೩ರಲ್ಲಿ ಅಮೆರಿಕದ ಒಂದು ಕಾಯ್ದೆಯ ೫೦೪ನೇ ಕಲಮು ಹೇಳಿತು. ಆದರೆ ಅದನ್ನು ಜಾರಿಗೆ ತರುವ ನಿಯಮಗಳಿಗೆ ನಾಲ್ಕು ವರ್ಷವಾದರೂ ಸಹಿ ಬೀಳಲಿಲ್ಲ. ೧೯೭೭ರ ಏಪ್ರಿಲ್ ೫ರಂದು ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡಕ್ಕೆ ಅಂಗವಿಕಲರು ನುಗ್ಗಿ ಕೂತರು. ಮೂರು ವಾರ ಮೀರಿ ಅಲ್ಲೇ ಕೂತಿದ್ದರು. ಗಾಲಿಕುರ್ಚಿಯವರು, ಕುರುಡರು, ಕಿವುಡರು ಎಲ್ಲ ಇದ್ದರು. ಅವರಿಗೆ ದಿನಾ ಬಿಸಿ ಊಟ ತಂದುಕೊಟ್ಟವರು ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. ಒಳಗೆ ಕೂತವರಲ್ಲಿ ಬ್ರ್ಯಾಡ್ ಲೊಮ್ಯಾಕ್ಸ್ ಎಂಬ ಪ್ಯಾಂಥರನೂ ಇದ್ದ, ಅವನೂ ಗಾಲಿಕುರ್ಚಿಯವನೇ. ಏಪ್ರಿಲ್ ೨೮ಕ್ಕೆ ಸಹಿ ಬಿತ್ತು. ಅದೇ ಪ್ಯಾಂಥರ್ ಎಂಬ ಹೆಸರನ್ನು ಅದಕ್ಕೆ ಐದು ವರ್ಷ ಮುಂಚೆ, ೧೯೭೨ರಲ್ಲಿ, ಮುಂಬಯಿಯ ನಮ್ಮ ಹುಡುಗರು ತಮ್ಮ ಸಂಘಟನೆಗೆ ಇಟ್ಟುಕೊಂಡಿದ್ದರು. ಹೆಸರು ತಂದುಕೊಂಡೆವು, ಸಿಟ್ಟನ್ನೂ ತಂದುಕೊಂಡೆವು. ಆ ಊಟದ ಡಬ್ಬಿಯ ಕತೆ ಮಾತ್ರ ನಮ್ಮ ಕಡೆಗೆ ಬರಲೇ ಇಲ್ಲ. ಈ ಲೇಖನ ಆ ಡಬ್ಬಿಯನ್ನು ತರುವ ಪ್ರಯತ್ನ ಅಂತಲೇ ಇಟ್ಟುಕೊಳ್ಳಿ.

೩

ಪಾರ್ಕ್ ಮೆಕಾರ್ಥರ್ ಗಾಲಿಕುರ್ಚಿಯಲ್ಲಿ ಓಡಾಡುವ ಕಲಾವಿದೆ. ೨೦೧೪ರಲ್ಲಿ ನ್ಯೂಯಾರ್ಕಿನ ಎಸೆಕ್ಸ್ ಸ್ಟ್ರೀಟ್ ಎಂಬ ಗ್ಯಾಲರಿಯಲ್ಲಿ ಅವರು 'ರ‍್ಯಾಂಪ್ಸ್' ಎಂಬ ಪ್ರದರ್ಶನ ಇಟ್ಟರು. ಹೊಸದಾಗಿ ಏನನ್ನೂ ಕೆತ್ತಲಿಲ್ಲ, ಬರೆಯಲಿಲ್ಲ. ಬೇರೆ ಬೇರೆ ಸಂಸ್ಥೆಗಳ ಬಾಗಿಲಲ್ಲಿ ಬಳಕೆಯಲ್ಲಿದ್ದ ಇಪ್ಪತ್ತು ರ‍್ಯಾಂಪುಗಳನ್ನು ಕೇಳಿ ತಂದು ಗ್ಯಾಲರಿಯ ನೆಲದ ಮೇಲೆ ಸಾಲಾಗಿ ಹಾಸಿದರು. ಅಷ್ಟೇ.

ಅಷ್ಟೇ ಎನ್ನುವಾಗ ಸ್ವಲ್ಪ ನಿಲ್ಲಬೇಕು. ರ‍್ಯಾಂಪಿನ ಇಳಿಜಾರು ಅಂದರೆ ಹೊಸ್ತಿಲ ಎತ್ತರವನ್ನು ತಿರುಗಿಸಿ ಬರೆದ ಲೆಕ್ಕ. ಒಂದೊಂದು ರ‍್ಯಾಂಪೂ ತಾನು ಬಿಟ್ಟುಬಂದ ಬಾಗಿಲು ಎಷ್ಟು ಎತ್ತರದಲ್ಲಿತ್ತು ಎಂದು ಹೇಳುತ್ತದೆ. ಇಪ್ಪತ್ತು ರ‍್ಯಾಂಪು ನೋಡಿದವನು ಅಲ್ಲಿಲ್ಲದ ಇಪ್ಪತ್ತು ಮೆಟ್ಟಿಲುಗಳನ್ನು ನೋಡುತ್ತಾನೆ. ಇನ್ನೊಂದು ಸೂಕ್ಷ್ಮ ಇದೆ. ಇವು ಗ್ಯಾಲರಿಯಲ್ಲಿದ್ದಷ್ಟು ದಿನ ತಮ್ಮ ತಮ್ಮ ಬಾಗಿಲಲ್ಲಿ ಇರಲಿಲ್ಲ. ಎತ್ತಿ ಒಯ್ಯಬಹುದಾದ ಸೌಕರ್ಯವನ್ನು ಯಾವಾಗ ಬೇಕಾದರೂ ಎತ್ತಿ ಒಯ್ಯಬಹುದು. ಬಾಗಿಲು ಕಟ್ಟುವಾಗಲೇ ಲೆಕ್ಕಕ್ಕೆ ಬಾರದವನಿಗೆ ಆಮೇಲೆ ಸಿಕ್ಕುವುದು ಹಕ್ಕಲ್ಲ, ಒಂದು ಹಲಗೆ.

ಇದನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮ ಹಳ್ಳಿಯ ಹೋಟೆಲಿನ ಎರಡನೇ ಲೋಟ. ಕೇರಿಯವನು ಬಂದಾಗ ಮಾತ್ರ ಸೂರಿನ ಸಂದಿಯಿಂದ ಇಳಿಯುತ್ತಿದ್ದ ಲೋಟ. ಹೋಲಿಕೆ ಪೂರ್ತಿ ಕೂಡಿಬರುವುದಿಲ್ಲ, ಅದೂ ಗೊತ್ತು. ಲೋಟ ಇರುವುದು ದೂರ ಇಡುವುದಕ್ಕೆ, ರ‍್ಯಾಂಪು ಇರುವುದು ಒಳಗೆ ಬಿಟ್ಟುಕೊಳ್ಳುವುದಕ್ಕೆ. ಆದರೂ 'ಅಂಥವರು ಬಂದಾಗ ತೆಗೆ' ಎನ್ನುವ ಆ ಒಂದು ಮಾತು ಎರಡಕ್ಕೂ ಸಮಾನ. ಅಂಥವರು ಬಾರದ ದಿನ ಅದು ಮೂಲೆಯಲ್ಲಿರುತ್ತದೆ. ಬಂದವನು ಬಾಗಿಲಲ್ಲಿ ನಿಂತು ಕೇಳಬೇಕು, ಒಳಗಿನವನು ತಂದು ಹಾಕಬೇಕು. ಮೆಕಾರ್ಥರ್ ಮಾಡಿದ್ದು ಏನೆಂದರೆ, ಇಪ್ಪತ್ತು ಹೋಟೆಲಿನ ಇಪ್ಪತ್ತು ಲೋಟಗಳನ್ನು ಸೂರಿನಿಂದ ಇಳಿಸಿ ತಹಶೀಲ್ದಾರರ ಮೇಜಿನ ಮೇಲೆ ಸಾಲಾಗಿ ಇಟ್ಟಂತೆ. ಒಂದೊಂದೇ ಇದ್ದಾಗ ಅದು ಉಪಕಾರ. ಇಪ್ಪತ್ತು ಒಟ್ಟಿಗಿದ್ದಾಗ ಅದು ವ್ಯವಸ್ಥೆ.

ಆ ಪ್ರದರ್ಶನದ ಗೋಡೆಯ ಮೇಲೆ ಒಂದು ಅಂತರ್ಜಾಲ ವಿಳಾಸ ಬರೆದಿತ್ತು. ಅದು ಮಾರ್ಟಾ ರಸೆಲ್ ಎಂಬ ಲೇಖಕಿಯ ಬಗೆಗಿನ ವಿಕಿಪೀಡಿಯಾ ಪುಟದ್ದು. ರಸೆಲ್ ತೀರಿಕೊಂಡದ್ದು ೨೦೧೩ರ ಕೊನೆಗೆ. ೧೯೯೮ರಲ್ಲಿ ಅವರು ಬರೆದ ಪುಸ್ತಕದ ಹೆಸರೇ 'ಬಿಯಾಂಡ್ ರ‍್ಯಾಂಪ್ಸ್'. ರ‍್ಯಾಂಪುಗಳನ್ನು ದಾಟಿ ಅಂತ. ಯಾವ ದೇಹದಿಂದ ಲಾಭ ಹುಟ್ಟುತ್ತದೋ ಅದು ಸಮರ್ಥ, ಹುಟ್ಟದ್ದು ಅಸಮರ್ಥ ಎಂದು ಬಂಡವಾಳ ವಿಂಗಡಿಸುತ್ತದೆ, ಅಂಗವೈಕಲ್ಯ ಎಂಬ ವರ್ಗ ಹುಟ್ಟುವುದೇ ಅಲ್ಲಿ ಎಂಬುದು ಅವರ ವಾದದ ತಿರುಳು. ಜಾತಿ ಎಂಬುದು ಕೆಲಸದ ವಿಂಗಡಣೆ ಮಾತ್ರವಲ್ಲ, ಕೆಲಸಗಾರರ ವಿಂಗಡಣೆ ಎಂದು ೧೯೩೬ರಲ್ಲೇ ಅಂಬೇಡ್ಕರ್ ತೋರಿಸಿಕೊಟ್ಟದ್ದನ್ನು ಓದಿದವರಿಗೆ ಇದು ಅಪರಿಚಿತ ದಾರಿಯಲ್ಲ. ನೆಲದ ಮೇಲೆ ರ‍್ಯಾಂಪು, ಗೋಡೆಯ ಮೇಲೆ ರ‍್ಯಾಂಪನ್ನು ದಾಟಿ ಯೋಚಿಸಿದವಳ ಹೆಸರು. ಈ ಎರಡರ ನಡುವಿನ ಜಾಗದಲ್ಲಿ ಕೃತಿ ಇದೆ. ನನ್ನ ಲೆಕ್ಕದಲ್ಲಿ ಈ ಪೈಕಿ ಇದೇ ದೊಡ್ಡ ಕೃತಿ.

೪

೨೦೧೯ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹಡ್ಸನ್ ಯಾರ್ಡ್ಸ್‌ನಲ್ಲಿ 'ವೆಸಲ್' ಎಂಬ ಗೋಪುರ ಬಾಗಿಲು ತೆರೆಯಿತು. ಥಾಮಸ್ ಹೆದರ್ವಿಕ್ ಎಂಬ ಬ್ರಿಟಿಷ್ ವಿನ್ಯಾಸಕಾರನದು. ಗೋಪುರ ಅಂದರೂ ಅದರೊಳಗೆ ಕೋಣೆಯಿಲ್ಲ, ಮನೆಯಿಲ್ಲ. ಇರುವುದೆಲ್ಲ ಮೆಟ್ಟಿಲು. ೧೫೪ ಮೆಟ್ಟಿಲ ಸಾಲು, ಒಟ್ಟು ಸುಮಾರು ೨,೫೦೦ ಮೆಟ್ಟಿಲು, ನಡುವೆ ೮೦ ಕಟ್ಟೆ. ಹತ್ತುವುದು, ಇಳಿಯುವುದು, ಫೋಟೋ ಹಿಡಿಸಿಕೊಳ್ಳುವುದು, ಇದೇ ಅದರ ಉಪಯೋಗ. ಒಂದು ಲಿಫ್ಟು ಇತ್ತು. ಅದು ಕೆಲವೇ ಕಟ್ಟೆಗಳಿಗೆ ಮುಟ್ಟುತ್ತಿತ್ತು.

ಅದೇ ವರ್ಷ ಏಪ್ರಿಲ್ಲಿನಲ್ಲಿ ಶ್ಯಾನನ್ ಫಿನೆಗನ್ ಎಂಬ ಅಂಗವಿಕಲ ಕಲಾವಿದರು ಆ ಗೋಪುರದ ಬುಡದಲ್ಲೇ ತಮ್ಮ 'ಆ್ಯಂಟಿ-ಸ್ಟೇರ್ಸ್ ಕ್ಲಬ್ ಲೌಂಜ್' ನಡೆಸಿದರು. ಮೆಟ್ಟಿಲು ವಿರೋಧಿಗಳ ಸಂಘದ ವಿಶ್ರಾಂತಿ ಕಟ್ಟೆ ಅನ್ನಬಹುದು. ಬದುಕಿರುವ ತನಕ ಈ ಗೋಪುರದ ಒಂದು ಮೆಟ್ಟಿಲನ್ನೂ ತುಳಿಯುವುದಿಲ್ಲ ಎಂದು ಸಹಿ ಹಾಕಿದವರಿಗೆ ಅಲ್ಲಿ ಪ್ರವೇಶ. ಮೆಟ್ಟಿಲ ಚಿತ್ರಕ್ಕೆ ಅಡ್ಡಗೀಟು ಹಾಕಿದ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಜನ ಆರಾಮಾಗಿ ಕೂತು ಹರಟಿದರು. ಮನವಿ ಪತ್ರ ಇಲ್ಲ, ಕಣ್ಣೀರಿಲ್ಲ. ನೀವು ನಮ್ಮನ್ನು ಬಿಟ್ಟುಕೊಳ್ಳಿ ಎಂಬ ಬೇಡಿಕೆಯೂ ಅಲ್ಲಿರಲಿಲ್ಲ. ನಿಮ್ಮ ಗೋಪುರವನ್ನು ನಾವೇ ಬಹಿಷ್ಕರಿಸಿದ್ದೇವೆ ಎಂಬ ತಮಾಷೆಯ ಸೊಕ್ಕಿತ್ತು. ಈ ಸೊಕ್ಕು ನನಗೆ ಇಷ್ಟ. ಹೊರಗಿಟ್ಟವರನ್ನು ಹೊರಗಿಡುವ ಈ ತಿರುಗುಬಾಣ ನಮ್ಮ ಚಳವಳಿಯ ಹಾಡುಗಳಲ್ಲೂ ಇದೆ.

ಆದರೆ ಇಲ್ಲಿ ನನಗೊಂದು ತಕರಾರಿದೆ. ಅದನ್ನು ಹೇಳಬೇಕಾದರೆ ಆ ಗೋಪುರದ ಮೂಲಕ್ಕೆ ಹೋಗಬೇಕು. ಹೆದರ್ವಿಕ್‌ಗೆ ಈ ಗೋಪುರದ ಕಲ್ಪನೆ ಬಂದದ್ದು ಭಾರತದ ಮೆಟ್ಟಿಲುಬಾವಿಗಳಿಂದ. ನಮ್ಮ ಕಲ್ಯಾಣಿ, ಪುಷ್ಕರಣಿಗಳ ದಾಯಾದಿಗಳು ಅವು. ಆತನಿಗೆ ಅವುಗಳಲ್ಲಿ ಕಂಡದ್ದು ಜ್ಯಾಮಿತಿ: ಮೆಟ್ಟಿಲು, ನೆರಳು, ಮತ್ತೆ ಮೆಟ್ಟಿಲು. ಅಲ್ಲಿ ಕಾಣದೇ ಹೋದದ್ದು ನೀರು, ಆ ನೀರಿನ ತನಕ ಯಾರು ಇಳಿಯಬಹುದು ಎಂಬ ಕಾನೂನು. ನಮ್ಮ ಬಾವಿ, ಕೆರೆಗಳ ಮೆಟ್ಟಿಲು ಎಂದೂ ಎಲ್ಲರ ಮೆಟ್ಟಿಲಾಗಿರಲಿಲ್ಲ. ಎರಡು ಕಾಲೂ ಗಟ್ಟಿಯಿದ್ದ ಲಕ್ಷಾಂತರ ಜನ ಮೇಲೆಯೇ ನಿಂತು, ಯಾರಾದರೂ ಕೊಡಕ್ಕೆ ನೀರು ಹೊಯ್ಯಲಿ ಎಂದು ಕಾದರು. ಒಂದು ಅರ್ಥದಲ್ಲಿ ಆ ಮೆಟ್ಟಿಲಿನ ಎದುರು ಅವರೆಲ್ಲ ಹೆಳವರು. ಅವರನ್ನು ಹೆಳವರನ್ನಾಗಿ ಮಾಡಿದ್ದು ಪೋಲಿಯೋ ಅಲ್ಲ.

ಮಹಾಡದ ಚರಿತ್ರೆಯನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಓದಿ ನೋಡಿ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ ೧೯೨೩ರಲ್ಲಿ ಠರಾವು ಮಾಡಿತು. ೧೯೨೪ರಲ್ಲಿ ಮಹಾಡ ಪುರಸಭೆ ತನ್ನ ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ತೀರ್ಮಾನ ಬರೆದುಕೊಂಡಿತು. ಕಾಗದದ ಮೇಲೆ ಕೆರೆ ತೆರೆದಿತ್ತು. ನೀರು ಮುಟ್ಟಲು ೧೯೨೭ರ ಮಾರ್ಚ್ ೨೦ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಬರಬೇಕಾಯಿತು. ಬಂದು ಕುಡಿದವರಿಗೆ ಏಟು ಬಿತ್ತು. ಪುರಸಭೆ ತನ್ನ ತೀರ್ಮಾನವನ್ನೇ ವಾಪಸು ಪಡೆಯಿತು. ಹೈಕೋರ್ಟಿನ ತೀರ್ಪು ಬರುವಾಗ ೧೯೩೭.

ಈಗ ನನ್ನ ತಕರಾರು. ವೆಸಲ್ ಹತ್ತದಿದ್ದರೆ ಯಾರಿಗೂ ಬಾಯಾರಿಕೆಯಿಂದ ಗಂಟಲು ಒಣಗುವುದಿಲ್ಲ. ಅದಕ್ಕೇ ಅದನ್ನು ಬಹಿಷ್ಕರಿಸುವುದು ಸುಲಭ, ಚಂದ ಕೂಡ. ನೀರಿನ ಮೆಟ್ಟಿಲನ್ನು ಬಹಿಷ್ಕರಿಸಲಾಗುವುದಿಲ್ಲ, ಇಳಿಯಲೇಬೇಕು. ಆಸ್ಪತ್ರೆಯ ಮೆಟ್ಟಿಲು, ತಾಲ್ಲೂಕು ಕಚೇರಿಯ ಮೆಟ್ಟಿಲು, ಬಸ್ಸಿನ ಮೆಟ್ಟಿಲು ಇವೆಲ್ಲ ನೀರಿನ ಜಾತಿಯವು. ನಿರಾಕರಣೆಯ ಸೌಂದರ್ಯ ಎಲ್ಲಿಯವರೆಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬ ಗಡಿಯನ್ನು ಫಿನೆಗನ್ ಅವರ ಕೃತಿ ಹೇಳುವುದಿಲ್ಲ; ಅದನ್ನು ನಾವು ಬರೆದುಕೊಳ್ಳಬೇಕು. ಅದೇ ವರ್ಷ ಡಿಸೆಂಬರಿನಲ್ಲಿ ಆ ಗೋಪುರದ ಒಡೆಯರು ಸರ್ಕಾರದ ನ್ಯಾಯ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡು ಗಾಲಿಕುರ್ಚಿಯವರಿಗೆ ಇನ್ನಷ್ಟು ದಾರಿ ಮಾಡಿಕೊಡಲು ಒಪ್ಪಿದರು. ಟೋಪಿ ಹಾಕಿದವರು ನಕ್ಕರು, ಕಾನೂನು ಗದರಿತು. ಎರಡೂ ಬೇಕು ಅನ್ನೋಣ.

ಅಂಬೇಡ್ಕರ್ ೧೯೨೦ರ ಜನವರಿ ೩೧ರ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲೇ ಹಿಂದೂ ಸಮಾಜವನ್ನು ಏಣಿ ಮೆಟ್ಟಿಲುಗಳಿಲ್ಲದ ಬಹುಮಹಡಿ ಗೋಪುರಕ್ಕೆ ಹೋಲಿಸಿದ್ದರು. ಒಂದು ಮಹಡಿಯವನು ಇನ್ನೊಂದಕ್ಕೆ ಹೋಗುವಂತಿಲ್ಲದ ಗೋಪುರ ಅದು. ಬರೀ ಮೆಟ್ಟಿಲೇ ಇರುವ ಹೆದರ್ವಿಕ್‌ನ ಗೋಪುರವನ್ನೂ ಮೆಟ್ಟಿಲೇ ಇಲ್ಲದ ಮನುವಿನ ಗೋಪುರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮೆಟ್ಟಿಲು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರು, ಯಾರನ್ನು ಮರೆತು ಕಟ್ಟಿದರು ಎಂಬುದೇ ಪ್ರಶ್ನೆ. ಮರೆವಿಗೂ ಒಂದು ರಾಜಕಾರಣ ಇದೆ.

ಇದೇ ಫಿನೆಗನ್ ೨೦೧೮ರಿಂದ ಮಾಡುತ್ತ ಬಂದ ಬೆಂಚುಗಳನ್ನು ನಾನು ಇನ್ನೂ ಹೆಚ್ಚು ಮೆಚ್ಚುತ್ತೇನೆ. ಪ್ರದರ್ಶನ ಶಾಲೆಯಲ್ಲಿ ಇಟ್ಟ ನೀಲಿ ಬೆಂಚು. ಅದರ ಮೇಲೆ ಕೈಬರಹದಲ್ಲಿ ಒಂದು ದೂರು: ಇಲ್ಲಿ ತುಂಬ ಹೊತ್ತು ನಿಲ್ಲಿಸಿದಿರಿ ಎಂಬರ್ಥದ್ದು. ಒಪ್ಪುವವರು ಕೂತುಕೊಳ್ಳಬೇಕು. ಕೂತರೆ ಅದೇ ವೋಟು. ಕೂರುವುದು ಒಂದು ಹೇಳಿಕೆಯಾಗುವುದು ನಮಗೇನೂ ಹೊಸದಲ್ಲ. ಯಾರ ಜಗಲಿಯ ಮೇಲೆ ಯಾರು ಕೂರಬಹುದು, ಯಾರು ಕೆಳಗೆ ಕುಕ್ಕರಗಾಲಲ್ಲಿ ಕೂರಬೇಕು ಎಂಬುದರ ಮೇಲೆ ನಮ್ಮೂರುಗಳಲ್ಲಿ ತಲೆ ಒಡೆದಿವೆ. ಆ ಬೆಂಚನ್ನು ಹಾಗೆಯೇ ತಂದು ನಮ್ಮ ಯಾವುದಾದರೂ ಊರಿನ ಅರಳಿಕಟ್ಟೆಯ ಪಕ್ಕ ಇಟ್ಟರೆ ಅದು ಕೂಡಲೇ ಬೇರೆ ಕೃತಿಯಾಗುತ್ತದೆ.

೫

ಇನ್ನು ತೆವಳುವ ವಿಚಾರ. ೧೯೯೦ರ ಮಾರ್ಚ್ ೧೨ರಂದು ವಾಷಿಂಗ್ಟನ್ನಿನಲ್ಲಿ ಹತ್ತಾರು ಅಂಗವಿಕಲರು ಗಾಲಿಕುರ್ಚಿ, ಊರುಗೋಲು ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳಿ ಹತ್ತಿದರು. ಎಂಟು ವರ್ಷದ ಜೆನಿಫರ್ ಕೀಲನ್ ಕೂಡ ಹತ್ತಿದಳು. ಅದೇ ವರ್ಷ ಜುಲೈ ೨೬ಕ್ಕೆ ಅಂಗವಿಕಲರ ಹಕ್ಕಿನ ಕಾಯ್ದೆಗೆ ಅಲ್ಲಿನ ಅಧ್ಯಕ್ಷರ ಸಹಿ ಬಿತ್ತು. ಅದು ಚಳವಳಿ. ಕಲೆಯಾಗಿ ಅದೇ ಕ್ರಿಯೆ ಬಂದದ್ದು ೨೦೧೨ರಲ್ಲಿ. ನೋಯೆಮಿ ಲಾಕ್‌ಮೈಯರ್ ಎಂಬ ಕಲಾವಿದೆ ಲಂಡನ್ನಿನಲ್ಲಿ ಗಾಲಿಕುರ್ಚಿಯನ್ನು ಬಿಟ್ಟು, ಕಚೇರಿಗೆ ಹೋಗುವವರ ಉಡುಪು ತೊಟ್ಟು, ಟಾಯಿನ್ಬಿ ಸ್ಟುಡಿಯೋದಿಂದ ಹಣಕಾಸು ಪೇಟೆಯ ಗರ್ಕಿನ್ ಎಂಬ ಎತ್ತರದ ಕಟ್ಟಡದ ಕಡೆಗೆ ತೆವಳುತ್ತಾ ಹೊರಟರು. 'ಒನ್ ಮಾರ್ನಿಂಗ್ ಇನ್ ಮೇ' ಅದರ ಹೆಸರು. ಮೈಲಿಯಷ್ಟು ದಾರಿ, ಏಳು ಗಂಟೆಯ ತೆವಳು.

ಇಂಥದ್ದನ್ನು ನೋಡುವಾಗ ನನ್ನ ಮನಸ್ಸು ಎರಡಾಗುತ್ತದೆ. ಯಾಕೆಂದರೆ ನೆಲಕ್ಕೆ ಮೈ ತಾಗಿಸುವುದಕ್ಕೆ ನಮ್ಮಲ್ಲಿ ಬೇರೆಯದೇ ವ್ಯಾಕರಣ ಇದೆ. ಉರುಳುಸೇವೆ ಇದೆ. ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಉರುಳುವ ಮಡೆಸ್ನಾನ ಇತ್ತು. ೨೦೧೪ರಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಡಬೇಕಾಯಿತು. ಧಣಿಯ ಎದುರು ಅಡ್ಡಬಿದ್ದ ಅಜ್ಜಂದಿರ ನೆನಪಿದೆ. ಇಲ್ಲಿ ಬೀದಿಯಲ್ಲಿ ತೆವಳುವವನನ್ನು ಕಂಡರೆ ಯಾರೂ ಕಟ್ಟಡದ ಕಡೆ ನೋಡುವುದಿಲ್ಲ. ಜೇಬಿಗೆ ಕೈಹಾಕಿ ಚಿಲ್ಲರೆ ಹುಡುಕುತ್ತಾರೆ. ಈ ಸಂಕಟ ನಮ್ಮದೊಂದೇ ಅಲ್ಲ. ವಿಲಿಯಂ ಪೋಪ್.ಎಲ್ ಎಂಬ ಕಪ್ಪು ಕಲಾವಿದ (ತೀರಿಕೊಂಡದ್ದು ೨೦೨೩ರಲ್ಲಿ) ಅಂಗವಿಕಲನಲ್ಲ. ಆತ ೧೯೯೧ರಲ್ಲಿ ನ್ಯೂಯಾರ್ಕಿನ ಟಾಂಪ್ಕಿನ್ಸ್ ಚೌಕದ ಅಂಚಿನಲ್ಲಿ ಸೂಟು ತೊಟ್ಟು, ಕೈಯಲ್ಲಿ ಹೂವಿನ ಕುಂಡ ಹಿಡಿದು ತೆವಳಿದ. ಅಲ್ಲೇ ವಾಸವಿದ್ದ ಒಬ್ಬ ಕಪ್ಪು ಮನುಷ್ಯ ಅದನ್ನು ಕಂಡು ಸಿಟ್ಟಾದ. ಚಿತ್ರೀಕರಿಸುತ್ತಿದ್ದವನು ಬಿಳಿಯನಾಗಿದ್ದುದು ಅವನಿಗೆ ಇನ್ನಷ್ಟು ನೋಯಿಸಿತು. ಆ ದಾರಿಹೋಕನನ್ನು ನಾನು ಈ ಪ್ರಕಾರದ ಮೊದಲ ವಿಮರ್ಶಕ ಎಂದು ಕರೆಯುತ್ತೇನೆ. ಅವನು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ: ನಮ್ಮವನು ನೆಲಕ್ಕೆ ಬಿದ್ದಿರುವುದನ್ನು ಯಾರಿಗಾಗಿ ತೋರಿಸುತ್ತಿದ್ದೀರಿ?

ಹೀಗಾಗಿ ನನಗೊಂದು ಅಳತೆಗೋಲು ಬೇಕಾಯಿತು. ತೆವಳುವ ಕೃತಿಯಲ್ಲಿ ಚೌಕಟ್ಟಿನೊಳಗೆ ಏನಿದೆ ನೋಡಬೇಕು. ಬರೀ ದೇಹ ಇದ್ದರೆ ಅದು ಭಿಕ್ಷೆಯ ಕಡೆಗೆ ಜಾರುತ್ತದೆ. ದೇಹದ ಜೊತೆ ಸಂಸತ್ತಿನ ಮೆಟ್ಟಿಲೋ ಹಣಕಾಸು ಪೇಟೆಯ ಗೋಪುರವೋ ಕಾಣುತ್ತಿದ್ದರೆ ನಾಚಬೇಕಾದವರು ಯಾರು ಎಂಬುದು ಬದಲಾಗುತ್ತದೆ. ಲಾಕ್‌ಮೈಯರ್ ಕಚೇರಿಯ ಉಡುಪು ತೊಟ್ಟದ್ದು ಅದಕ್ಕೇ ಇರಬೇಕು ಅಂತ ನಾನು ಓದಿಕೊಳ್ಳುತ್ತೇನೆ. ಗಂಟೆ ಗಂಟೆಗೂ ಮಾಸುತ್ತ ಹೋದ ಆ ಬಟ್ಟೆಯೇ ಅಲ್ಲಿ ಸಾಕ್ಷಿ.

೬

ಕಾರ್ಮೆನ್ ಪಪಾಲಿಯಾ ಕೆನಡಾದ ವ್ಯಾಂಕೂವರಿನವರು, ಕಣ್ಣನ್ನು ನೆಚ್ಚದೆ ನಡೆಯುವ ಕಲಾವಿದ. ೨೦೧೩ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆ್ಯನಾ ಊರಿನಲ್ಲಿ ಅವರು ಬಿಳಿ ಕೋಲನ್ನು ಕೆಳಗಿಟ್ಟು, ಅದರ ಬದಲು ಒಂದು ಹೈಸ್ಕೂಲಿನ ಬ್ಯಾಂಡ್ ಸೆಟ್ಟನ್ನೇ ಜೊತೆಗೆ ಕರೆದುಕೊಂಡು ಬೀದಿಯಲ್ಲಿ ನಡೆದರು. ತಿರುವು ಬಂದರೆ, ಅಡ್ಡಿ ಬಂದರೆ ಹುಡುಗರು ವಾದ್ಯ ನುಡಿಸಿ ತಿಳಿಸುವುದು. ಒಂದು ಕೋಲು ಮಾಡುವ ಕೆಲಸಕ್ಕೆ ಒಂದು ವಾದ್ಯಮೇಳ! ಕುರುಡ ಗೋಡೆಯ ಬದಿಯಲ್ಲಿ ಸದ್ದಿಲ್ಲದೆ ಸರಿದು ಹೋಗಬೇಕು ಎಂಬ ನಿಯಮವನ್ನೇ ಇದು ತಲೆಕೆಳಗು ಮಾಡುತ್ತದೆ. ಊರಿಗೆಲ್ಲ ಗೊತ್ತಾಗುವ ಹಾಗೆ ನಡೆಯುತ್ತೇನೆ ಎನ್ನುವ ಈ ನಡಿಗೆಗೆ ನಮ್ಮಲ್ಲಿ ಒಬ್ಬ ಅಣ್ಣ ಇದ್ದಾನೆ. ೧೮೯೩ರಲ್ಲಿ ತಿರುವಾಂಕೂರಿನಲ್ಲಿ ಅಯ್ಯನ್‌ಕಾಳಿ, ತಮ್ಮ ಜಾತಿಯವರು ಕಾಲಿಡಕೂಡದ ದಾರಿಯಲ್ಲಿ ಎತ್ತಿನ ವಿಲ್ಲುಗಾಡಿ ಏರಿ ಹೋದರು. ಗಾಲಿ ಎಂಬುದು ಬರೀ ಸಾಗುವ ಸಾಧನವಲ್ಲ, ಬೀದಿಯ ಮೇಲೆ ಹಾಕುವ ರುಜು ಎಂದು ಮೊದಲು ತೋರಿಸಿದವರು ಅವರು.

ಪಪಾಲಿಯಾರ ಇನ್ನೊಂದು ಕೃತಿ 'ಬ್ಲೈಂಡ್ ಫೀಲ್ಡ್ ಶಟಲ್'. ಜನ ಸಾಲಾಗಿ ನಿಲ್ಲುತ್ತಾರೆ. ಪ್ರತಿಯೊಬ್ಬರೂ ಮುಂದಿನವರ ಹೆಗಲ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಾರೆ. ಕೋಲು ಹಿಡಿದ ಪಪಾಲಿಯಾ ಮುಂದೆ ನಡೆಯುತ್ತಾರೆ, ಸಾಲು ಹಿಂದೆ ಹೋಗುತ್ತದೆ. ಒಬ್ಬ ಕುರುಡ ನಲವತ್ತು ಐವತ್ತು ಜನರಿಗೆ ದಾರಿ ತೋರಿಸುತ್ತಾನೆ. ಕುರುಡನ ಹಿಂದೆ ಕುರುಡ ಹೋದರೆ ಹಳ್ಳಕ್ಕೆ ಎಂದು ಗಾದೆ ಹೇಳುವವರು ಇದನ್ನು ನೋಡಬೇಕು.

ಈ ಕೃತಿಯನ್ನು ನಮ್ಮ ಬೀದಿಯಲ್ಲಿ ನಡೆಸಬೇಕೆಂದು ನನಗೆ ಬಹಳ ಆಸೆ. ಬಹಳ ಅನುಮಾನವೂ ಹೌದು. ಹೆಗಲ ಮೇಲೆ ಕೈಯಿಡುವುದು ವ್ಯಾಂಕೂವರಿನಲ್ಲಿ ನಂಬಿಕೆಯ ವಿಷಯ. ಇಲ್ಲಿ ಅದು ಮುಟ್ಟುವ ವಿಷಯ. ಕಣ್ಣು ಮುಚ್ಚುವ ಮೊದಲು ಪಕ್ಕದವನ ಊರು ಯಾವುದು, ಮನೆಹೆಸರೇನು, ಯಾವ ಬೀದಿಯಾಯಿತು ಎಂಬ ವಿಚಾರಣೆ ನಡೆದಿರುತ್ತದೆ. ಕಣ್ಣಿಲ್ಲದವನು ರಸ್ತೆ ದಾಟಲು ಅಪರಿಚಿತನ ತೋಳು ಹಿಡಿಯಲ ೇಬೇಕಾದ ದೇಶದಲ್ಲಿ ತೋಳಿಗೂ ಜಾತಿ ಇದೆ. ಅಂಗವೈಕಲ್ಯದ ಬಗ್ಗೆ ಬರೆಯುವ ಪಶ್ಚಿಮದ ವಿದ್ವಾಂಸರು ಪರಸ್ಪರ ಅವಲಂಬನೆಯನ್ನು ದೊಡ್ಡ ಮೌಲ್ಯವಾಗಿ ಎತ್ತಿ ಹಿಡಿಯುತ್ತಾರೆ. ಒಪ್ಪುತ್ತೇನೆ. ಆದರೆ ಒಬ್ಬರನ್ನೊಬ್ಬರು ಮುಟ್ಟಬಹುದು ಎಂಬುದು ಮೊದಲು ತೀರ್ಮಾನವಾಗಿರಬೇಕಲ್ಲ! ಪಪಾಲಿಯಾರ ಸಾಲು ಇಲ್ಲಿ ನಡೆದದ್ದೇ ಆದರೆ ಅದು ಕಣ್ಣಿನ ಬಗೆಗಿನ ಕೃತಿಯಾಗಿ ಉಳಿಯುವುದಿಲ್ಲ, ಅಂಗೈಯ ಬಗೆಗಿನ ಕೃತಿಯಾಗುತ್ತದೆ. ದಲಿತ ವಿಮರ್ಶೆ ಈ ಕಲೆಗೆ ಕೊಡಬಹುದಾದ ದೊಡ್ಡ ಕಾಣಿಕೆ ಈ ತಿದ್ದುಪಡಿಯೇ ಎಂದು ನನ್ನ ಅನಿಸಿಕೆ.

೭

ಇನ್ನು ನಮ್ಮ ಮನೆಯ ಲೆಕ್ಕ. ೨೦೧೧ರ ಜನಗಣತಿಯ ಪ್ರಕಾರ ದೇಶದಲ್ಲಿ ೨.೬೮ ಕೋಟಿ ಅಂಗವಿಕಲರು, ಜನಸಂಖ್ಯೆಯ ಶೇ. ೨.೨೧. ಪರಿಶಿಷ್ಟ ಜಾತಿಗಳಲ್ಲಿ ಈ ಪ್ರಮಾಣ ಶೇ. ೨.೪೫. ಈ ಸಣ್ಣ ವ್ಯತ್ಯಾಸದೊಳಗೆ ಅಪೌಷ್ಟಿಕತೆ, ಕಲ್ಲುಕ್ವಾರಿ, ಮ್ಯಾನ್‌ಹೋಲು, ದೂರದ ಆಸ್ಪತ್ರೆ ಎಲ್ಲ ಅಡಗಿರಬಹುದು ಎಂದು ಊಹಿಸಲು ಪಾಂಡಿತ್ಯ ಬೇಕಿಲ್ಲ.

ಕಾನೂನು ಇಲ್ಲವೇ? ಇದೆ. ೧೯೯೫ರ ಕಾಯ್ದೆ ರಸ್ತೆ, ವಾಹನ, ಕಟ್ಟಡಗಳ ಸೌಕರ್ಯದ ಮಾತಾಡಿತು. ಜೊತೆಗೆ 'ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ' ಎಂಬರ್ಥದ ಬಾಲವನ್ನೂ ಅಂಟಿಸಿತು. ೨೦೧೬ರ ಕಾಯ್ದೆ ಇನ್ನಷ್ಟು ಗಟ್ಟಿ. ಆದರೂ ಅದರಡಿ ಬಂದ ನಿಯಮ ಕಡ್ಡಾಯದ್ದಾಗಿರದೆ ಬರೀ ಸಲಹೆಯಂತಿದೆ ಎಂದು, ರಾಜೀವ್ ರಾತೂರಿ ಎಂಬ ದೃಷ್ಟಿಹೀನರು ಹೂಡಿದ್ದ ಮೊಕದ್ದಮೆಯಲ್ಲಿ ೨೦೨೪ರ ನವೆಂಬರ್ ೮ರಂದು ಸುಪ್ರೀಂ ಕೋರ್ಟು ಅದನ್ನು ಅಸಿಂಧುಗೊಳಿಸಿತು. ಮೂರು ತಿಂಗಳಲ್ಲಿ ಕಡ್ಡಾಯದ ನಿಯಮ ಮಾಡಿ ಎಂದಿತು. ರಾತೂರಿ ಕೋರ್ಟಿಗೆ ಹೋದದ್ದು ೨೦೦೫ರಲ್ಲಿ. ಮಹಾಡದ ಹತ್ತು ವರ್ಷ, ಇಲ್ಲಿ ಹತ್ತೊಂಬತ್ತು.

ಕಾನೂನು ನಿಧಾನ, ಹೆಸರಿಡುವುದು ಮಾತ್ರ ಬಲು ಚುರುಕು. ಅಂಗವಿಕಲ ಹೋಗಿ ವಿಕಲಚೇತನ ಬಂತು, ಆಮೇಲೆ ವಿಶೇಷಚೇತನ. ೨೦೧೫ರ ಡಿಸೆಂಬರಿನಲ್ಲಿ ಪ್ರಧಾನಿಯವರು 'ದಿವ್ಯಾಂಗ' ಎಂದರು. ಅಂಗವಿಕಲರ ಹಲವು ಸಂಘಟನೆಗಳು ಆಗಲೇ ಬೇಡವೆಂದವು. 'ಹರಿಜನ' ಎಂಬ ಮಾತನ್ನು ಉಂಡು ಅರಗಿಸಿಕೊಳ್ಳಲಾಗದೆ ಉಗುಳಿದ ನಮಗೆ ಈ ಮಾತಿನ ರುಚಿ ಗೊತ್ತಿದೆ. ದೇವರ ಜನ ಎಂದರೆ ಮನುಷ್ಯರ ಬಾವಿಯ ಮೇಲೆ ಹಕ್ಕು ಕೇಳುವಂತಿಲ್ಲ. ದಿವ್ಯ ಅಂಗ ಎಂದರೆ ಬಸ್ಸಿಗೆ ಮೆಟ್ಟಿಲು ತಗ್ಗಿಸಿ ಎಂದು ಕೇಳುವಂತಿಲ್ಲ. ದೇವಸ್ಥಾನಕ್ಕೆ ಕಳಿಸಿದ ಮೇಲೆ ಪುರಸಭೆಯ ಕೆಲಸ ಮುಗಿಯಿತು.

ನಮ್ಮ ಬಾಯಿಯೂ ಶುದ್ಧವೇನಲ್ಲ. 'ಕುರುಡು ಸರ್ಕಾರ', 'ಕಿವುಡು ಅಧಿಕಾರಿ', 'ಕುಂಟು ನೆಪ', 'ಹೆಳವ ಕಾನೂನು' ಇವು ನಮ್ಮದೇ ಮೆರವಣಿಗೆಯ ಘೋಷಣೆಗಳು, ನಮ್ಮದೇ ಕರಪತ್ರದ ಕನ್ನಡ. ತನ್ನನ್ನು ಹೆಳವನನ್ನಾಗಿ, ಕುರುಡನನ್ನಾಗಿ, ಕಿವುಡನನ್ನಾಗಿ ಮಾಡು ಎಂದು ದೇವರನ್ನು ಬೇಡುವ ಬಸವಣ್ಣನ ವಚನವನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು. ಅಲ್ಲಿ ಹೆಳವು ಒಂದು ರೂಪಕ, ಭಕ್ತಿಯ ಏಕಾಗ್ರತೆಗೆ ಕೊಟ್ಟ ಹೆಸರು. ನಿಜವಾದ ಹೆಳವ ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದ, ಅವನ ಮುಖವನ್ನು ಯಾರೂ ನೋಡಲಿಲ್ಲ. ಜಾತಿಯ ಹೆಸರು ಬೈಗುಳವಾದಾಗ ನಾವು ಠಾಣೆಗೆ ಹೋಗುತ್ತೇವೆ, ಹೋಗಬೇಕು. ದೇಹದ ಹೆಸರು ಬೈಗುಳವಾದಾಗ ಅದನ್ನು ಶೈಲಿ ಅನ್ನುತ್ತೇವೆ.

ಒಂದು ಪ್ರಸಂಗ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಸಾಹಿತ್ಯ ಸಮಾರಂಭದಲ್ಲಿ ನನ್ನನ್ನು ವೇದಿಕೆಗೆ ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎತ್ತಿದ ನಾಲ್ವರೂ ಶಾಮಿಯಾನ ಹಾಕಲು ಬಂದಿದ್ದ ಹುಡುಗರು, ಇಬ್ಬರು ನಮ್ಮ ಕೇರಿಯ ಕಡೆಯವರೇ. 'ಅಣ್ಣಾ, ಮೆಟ್ಲ ಪಕ್ಕ ಒಂದು ಹಲ್ಗೆ ಹಾಕ್ರಿ ಅಂತ ಬೆಳಿಗ್ಗೇನೇ ಹೇಳ್ದೆ, ವೇದಿಕೆ ಅಂದ ಕೆಡ್ತದೆ ಅಂದ್ರು' ಅಂತ ಒಬ್ಬ ನನ್ನ ಕಿವಿಯಲ್ಲಿ ಹೇಳಿದ. ಅಂದ ಎಂಬ ಮಾತಿನ ಬೆಲೆ ಏನು, ಅದನ್ನು ಯಾರ ಹೆಗಲು ತೆರುತ್ತದೆ ಎಂದು ಆ ಹುಡುಗ ಒಂದೇ ವಾಕ್ಯದಲ್ಲಿ ವಿವರಿಸಿಬಿಟ್ಟ. ಸೌಂದರ್ಯ ಮೀಮಾಂಸೆಯ ಪುಸ್ತಕಗಳಲ್ಲಿ ಇಷ್ಟು ಸ್ಪಷ್ಟವಾಗಿ ನಾನು ಓದಿಲ್ಲ. ಮೆಕಾರ್ಥರ್‌ರ ಇಪ್ಪತ್ತು ರ‍್ಯಾಂಪುಗಳ ಪಕ್ಕದಲ್ಲಿ ಈ ಇಪ್ಪತ್ತೊಂದನೆಯದನ್ನೂ, ಹಾಕದೇ ಬಿಟ್ಟ ಆ ಹಲಗೆಯನ್ನೂ ಇಡಬೇಕು.

ಹಾಗಾದರೆ ನಮ್ಮ ಕಡೆಯ ಕಲಾವಿದ ಏನು ಮಾಡಬೇಕು? ಮಾಡಬೇಕಾದ್ದನ್ನು ಹೇಳುವುದು ವಿಮರ್ಶಕನ ಕೆಲಸವಲ್ಲ. ನೆನಪಿಸುವುದು ಇರಬಹುದು. ಎತ್ತಿನ ಮೇಲೆ ಕೂತು ಮನೆಯ ಮುಂದೆ ಬಂದು ವಂಶಾವಳಿ ಹೇಳುವ ಹೆಳವರು ನಮ್ಮಲ್ಲಿದ್ದಾರೆ. ಕುಲಕ್ಕೇ ಆ ಹೆಸರು. ಎತ್ತಿನ ಮೇಲೆ ಕೂತವನು ಮನೆಯೊಳಗೆ ಹೋಗುವುದಿಲ್ಲ. ಮನೆಯವರೇ ಹೊರಗೆ ಬಂದು, ತಲೆಯೆತ್ತಿ, ತಮ್ಮ ಅಜ್ಜ ಮುತ್ತಜ್ಜರ ಹೆಸರನ್ನು ಅವನ ಬಾಯಿಂದ ಕೇಳುತ್ತಾರೆ. ಕಲಾವಿದ ಹೊಸ್ತಿಲು ಹತ್ತುವ ಬದಲು ಹೊಸ್ತಿಲೇ ಕಲಾವಿದನ ಹತ್ತಿರ ಬರುವ ಒಂದು ರೂಪ ನಮ್ಮ ಬೀದಿಯಲ್ಲಿ ಆಗಲೇ ಇತ್ತು. ಅದನ್ನು ಜಾನಪದದ ಕಪಾಟಿಗೆ ಹಾಕಿ ಬೀಗ ಜಡಿದವರು ನಾವು.

ವಿಮರ್ಶಕರು ಮಾಡಬಹುದಾದ ಕೆಲಸ ಇದಕ್ಕಿಂತ ಸಣ್ಣದು, ಆದರೆ ಇವತ್ತೇ ಮಾಡಬಹುದು. ಕೃತಿಯ ಒಳಗೆ ಏನಿದೆ ಎಂದು ಕೇಳುವ ಮೊದಲು ಕೃತಿಯ ಹತ್ತಿರ ಯಾರು ಬರಬಲ್ಲರು ಎಂದು ಕೇಳುವುದು. ನಾಟಕ ಎಲ್ಲಿ, ಗೋಷ್ಠಿ ಎಷ್ಟನೇ ಮಹಡಿ, ಪುಸ್ತಕವನ್ನು ಕೇಳಿಸಿಕೊಳ್ಳುವ ಹಾಗೆ ಓದಿಸಿ ಇಟ್ಟಿದ್ದಾರೆಯೇ, ಮಾತನ್ನು ಕೈಸನ್ನೆಗೆ ತರುವವರಿದ್ದಾರೆಯೇ, ಶೌಚಾಲಯದ ಬಾಗಿಲ ಅಗಲ ಎಷ್ಟು. ಇವು ಸಾಹಿತ್ಯೇತರ ಪ್ರಶ್ನೆಗಳು ಅಂತ ಯಾರಾದರೂ ಅಂದರೆ, ಕೆರೆಯ ನೀರೂ ಸಾಹಿತ್ಯೇತರವೇ ಆಗಿತ್ತು ಎಂದು ಅವರಿಗೆ ಹೇಳಿ.

ಮೊದಲ ಪ್ರಶ್ನೆಯನ್ನು ಈ ಪತ್ರಿಕೆಯ ಸಂಪಾದಕ ಗೆಳೆಯರಿಗೇ ಕೇಳುತ್ತೇನೆ. ಈ ವಿಶೇಷಾಂಕವನ್ನು ಬಿಡುಗಡೆ ಮಾಡುವ ಸಭಾಂಗಣಕ್ಕೆ ಎಷ್ಟು ಮೆಟ್ಟಿಲು?